ಒಂಬತ್ತರ ಬಸ್ಸಿನ ಕ್ಲೈಮ್ಯಾಕ್ಸು

ತುಮಕೂರಿನ ಹೊರಪೇಟೆಯಲ್ಲಿ ಗುರುಪ್ರಕಾಶ್ ಅವರ ಫೋಟೋ ಫ್ರೇಮಿನ ಅಂಗಡಿ ಇದೆ. ಭಾನುವಾರ ಅಂಗಡಿಗೆ ರಜ. ಆದರೂ ಬೆಳಿಗ್ಗೆ ಒಂಬತ್ತೂವರೆಗೆ ಷಟರು ಅರ್ಧಕ್ಕೆ ಏಳುತ್ತದೆ, ಒಬ್ಬೊಬ್ಬರೇ ತಲೆ ಬಗ್ಗಿಸಿಕೊಂಡು ಒಳಗೆ ನುಸುಳುತ್ತಾರೆ. ಗೊತ್ತಿಲ್ಲದವರು ನೋಡಿದರೆ ಇಸ್ಪೀಟಿನ ಅಡ್ಡೆ ಎಂದೇ ತಿಳಿಯಬೇಕು. ಒಳಗೆ ನಡೆಯುವುದು ಅದಕ್ಕಿಂತ ದೊಡ್ಡ ಜಗಳ. ಯಾವ ಸಿನಿಮಾಕ್ಕೆ ನೂರಕ್ಕೆ ನೂರು ಅಂಕ ಕೊಡಬಹುದು ಎನ್ನುವ ಜಗಳ.

ಒಂಬತ್ತು ವರ್ಷದಿಂದ ಈ ಜಗಳ ನಡೆದುಕೊಂಡು ಬಂದಿದೆ. ಗುರುಪ್ರಕಾಶ್ ಬಳಿ ಉದ್ದನೆಯ ಹಾಜರಿ ಪುಸ್ತಕವೊಂದಿದೆ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಸಿನಿಮಾಗಳ ಹೆಸರು, ಎದುರಿಗೆ ಅಂಕ. ಅಷ್ಟರಲ್ಲಿ ಕೆಂಪು ಶಾಯಿಯ ನೂರು ಬಿದ್ದಿರುವುದು ಮೂರಕ್ಕೆ ಮಾತ್ರ. ಅವುಗಳ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಈ ಕಥೆ ಬಿಟ್ಟು ಜಗಳಕ್ಕೆ ಬರುತ್ತೀರಿ, ಅದು ಬೇಡ.

ಕೂಟಕ್ಕೆ ಯಜಮಾನರೆಂದು ಯಾರನ್ನೂ ಆರಿಸಿರಲಿಲ್ಲ. ಅನಂತರಾಜು ತಾವಾಗಿಯೇ ಆ ಕುರ್ಚಿಯಲ್ಲಿ ಕೂತಿದ್ದರು. ಸರ್ವೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿ, ಕೊನೆಗೆ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ವಯಸ್ಸು ಅರವತ್ತಾರು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆಫೀಸಿನಲ್ಲಿ ಯಾರೂ ಕೇಳದೆ ಹೋದ ಅವರ ಮಾತನ್ನು ಈ ಅಂಗಡಿಯಲ್ಲಿ ಏಳು ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಮನುಷ್ಯನಿಗೆ ಇಷ್ಟು ಸಿಕ್ಕಿದರೆ ಸಾಕು, ತಾನು ದೊಡ್ಡವನೆಂದು ನಂಬಲು ಹೆಚ್ಚು ದಿನ ಬೇಕಾಗುವುದಿಲ್ಲ.

ಅಂಕ ಕೊಡುವುದಕ್ಕೆ ಅವರದೇ ಒಂದು ಲೆಕ್ಕವಿತ್ತು. ಕಾರಣವಿಲ್ಲದೆ ಬೆಟ್ಟದ ಮೇಲೆ ಹಾಡು ಬಂದರೆ ಐದು ಅಂಕ ಹೋಯಿತು. ನಾಯಕನ ಗೆಳೆಯ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿ ಬಿದ್ದರೆ ಹತ್ತು ಹೋಯಿತು. ಕೊನೆ ಕೆಟ್ಟರೆ ಸೀದಾ ಮೂವತ್ತು. "ಸಿನಿಮಾ ಅಂದ್ರೆ ಕೊನೆ ಕಣ್ರೀ" ಎನ್ನುತ್ತಿದ್ದರು. "ಮದುವೆ ಮನೇಲಿ ಎಷ್ಟೇ ಚೆನ್ನಾಗ್ ಬಡಿಸಿದ್ರೂ ಮಜ್ಜಿಗೆ ಹುಳಿ ಬಂದಿದ್ರೆ ಜನ ನೆನೆಸ್ಕೊಳ್ಳೋದು ಮಜ್ಜಿಗೇನೆ."

ಕೂಟದ ಕಾಯಿದೆ ಬರೆದವರೂ ಅವರೇ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅಪರ್ಣ ಒಂದು ಸಲ ಫೋನಿನಲ್ಲಿ ಮುಕ್ಕಾಲು ಭಾಗ ನೋಡಿದ ಹೊಸ ಸಿನಿಮಾವೊಂದಕ್ಕೆ ನೂರು ಕೊಡೋಣ ಎಂದಿದ್ದಳು. ಅನಂತರಾಜು ಅಂದೇ ಪುಸ್ತಕದ ಮೊದಲ ಪುಟದಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದರು. ಒಂದು, ನೂರು ಅಂಕ ಕೇಳುವವರು ಆ ಸಿನಿಮಾವನ್ನು ಥಿಯೇಟರಿನಲ್ಲೇ ನೋಡಿರಬೇಕು. ಎರಡು, ಶುಭಂ ಬೀಳುವವರೆಗೆ ಕೂತು ನೋಡಿರಬೇಕು. ಮೂರು, ಎಲ್ಲರೂ ಒಪ್ಪಬೇಕು. ಸಿನಿಮಾ ಎಲ್ಲೂ ಸಿಗದ ಹಳೆಯದಾದರೆ, ನೋಡಿದವರು ಮೊದಲಿನಿಂದ ಕೊನೆಯವರೆಗೆ ಕಥೆ ಹೇಳಬೇಕು, ಉಳಿದವರು ಅದನ್ನು ಕೇಳಿ ತೀರ್ಮಾನಿಸಬೇಕು.

ಪುಸ್ತಕದ ಮೊದಲ ನೂರು ಬಂದದ್ದು ಹೀಗೆ, ಅವರದೇ ಬಾಯಿಂದ. ಎಂಬತ್ತರ ದಶಕದ ಒಂದು ಚಿತ್ರ. ತುಮಕೂರಿನಲ್ಲಿ ಒಂಬತ್ತು ದಿನ ಓಡಿ ಡಬ್ಬ ಸೇರಿತ್ತು. ಅದರ ಪ್ರಿಂಟು ಈಗ ಎಲ್ಲೂ ಇಲ್ಲ. ಅಕ್ಕ ತಂಗಿ ಹತ್ತು ವರ್ಷ ಮಾತು ಬಿಟ್ಟಿರುವ ಕಥೆ. ಅದರ ಕೊನೆಯನ್ನು ಅನಂತರಾಜು ಹೇಳುವ ರೀತಿಯೇ ಬೇರೆ. ದನಿ ಇಳಿಸಿ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳುತ್ತಿದ್ದರು. "ತಂಗಿ ಬಂದು ಬಾಗಿಲಲ್ಲಿ ನಿಂತ್ಕೊಳ್ತಾಳೆ. ಅಕ್ಕ ಒಬ್ಬಳೇ ಊಟಕ್ಕೆ ಕೂತವ್ಳೆ. ಮಾತಿಲ್ಲ, ಅಳು ಇಲ್ಲ, ಪಿಟೀಲು ಇಲ್ಲ. ಅಕ್ಕ ಎದ್ದು ಪಕ್ಕದಲ್ಲಿ ಇನ್ನೊಂದು ಎಲೆ ಹಾಕ್ತಾಳೆ. ಅಷ್ಟೆ. ಶುಭಂ." ಅದನ್ನು ಮೊದಲ ಸಲ ಕೇಳಿದಾಗ ಅಪರ್ಣ ಕಣ್ಣೊರೆಸಿಕೊಂಡಿದ್ದಳು. ಹೊಸದಾಗಿ ಯಾರೇ ಕೂಟಕ್ಕೆ ಬರಲಿ, ಅವರಿಗೆ ಈ ಕಥೆ ಕೇಳಿಸದೆ ಬಿಡುತ್ತಿರಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಹೊಸಬರಾಗಿ ಬಂದವರು ತಿಪ್ಪಯ್ಯ. ಕುಣಿಗಲ್ ತಾಲ್ಲೂಕಿನವರು, ಮಾರ್ಕೋನಹಳ್ಳಿ ಜಲಾಶಯದ ನಾಲೆಯ ಕೆಳಗಿನ ಒಂದು ಹಳ್ಳಿ. ತೀರಿಕೊಂಡ ಹೆಂಡತಿಯ ಫೋಟೋಕ್ಕೆ ಕಟ್ಟು ಹಾಕಿಸಲು ಗುರುಪ್ರಕಾಶ್ ಅಂಗಡಿಗೆ ಬಂದಿದ್ದರಂತೆ, ಮಾತಿಗೆ ಮಾತು ಬೆಳೆದು ಭಾನುವಾರದ ಕೂಟದ ವಿಷಯ ತಿಳಿಯಿತಂತೆ. ಬೋಳು ತಲೆ, ನುಣ್ಣಗೆ ಬೋಳಿಸಿದ ಮುಖ, ಬಿಳಿ ಪಂಚೆ. ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ ಎಂದು ಒಂದೇ ಮಾತಿನಲ್ಲಿ ಪರಿಚಯ ಹೇಳಿಕೊಂಡರು. ಮೂರು ಭಾನುವಾರ ಎರಡೆರಡು ಬಸ್ಸು ಬದಲಾಯಿಸಿ ಬಂದು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಬರೀ ಕೇಳಿಕೊಂಡು ಹೋದರು. ಅಕ್ಕ ತಂಗಿಯ ಕೊನೆಯನ್ನೂ ಕೇಳಿದರು. ಎಲ್ಲರೂ ಆಹಾ ಎನ್ನುತ್ತಿದ್ದಾಗ ತಲೆ ತಗ್ಗಿಸಿ ನಕ್ಕರು. ಹಳ್ಳಿಯ ಮನುಷ್ಯ, ಮೆಚ್ಚಿಗೆ ಹೇಳಲು ಸಂಕೋಚ ಎಂದುಕೊಂಡರು ಅನಂತರಾಜು.

ನಾಲ್ಕನೆಯ ಭಾನುವಾರ ತಿಪ್ಪಯ್ಯ ಬಾಯಿ ಬಿಟ್ಟರು.

"ನೂರು ಕೊಡೋ ಅಂಥಾದ್ದು ನಂದೂ ಒಂದೈತೆ. ಯೋಳ್ಲಾ?"

"ಹೇಳಿ ಹೇಳಿ" ಎಂದರು ಗುರುಪ್ರಕಾಶ್.

ಅದು ಒಬ್ಬ ನೀರಗಂಟಿಯ ಕಥೆ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವವನು. ಎಲ್ಲರ ಗದ್ದೆಗೂ ನೀರು ಕೊಟ್ಟು ತನ್ನ ತುಂಡು ಗದ್ದೆಯ ಸರದಿ ಬರುವಷ್ಟರಲ್ಲಿ ಕೆರೆ ಬರಿದಾಗಿರುತ್ತದೆ. ಹೆಂಡತಿ ಬೈಯುತ್ತಾಳೆ, ಮಗಳು ಗೆಳತಿಯರ ಮುಂದೆ ಅಪ್ಪನನ್ನು ಕಂಡೂ ಕಾಣದಂತೆ ಹೋಗುತ್ತಾಳೆ. ತಿಪ್ಪಯ್ಯ ಕೈಯಾಡಿಸದೆ, ದನಿ ಏರಿಸದೆ ಹೇಳಿದರು. ನಾಲೆಯ ನೀರು ಕಂಡು ಬೆಳೆದ ಮನುಷ್ಯ, ತೂಬಿನ ಬಾಯಲ್ಲಿ ನೀರು ಮೊದಲು ಹೇಗೆ ಸದ್ದು ಮಾಡುತ್ತದೆ, ಆಮೇಲೆ ಹೇಗೆ ಸುಮ್ಮನಾಗುತ್ತದೆ ಎಂದು ಅವರು ಹೇಳುವಾಗ ಅಂಗಡಿಯಲ್ಲಿ ಯಾರೂ ಅಲುಗಲಿಲ್ಲ. ಕಾಫಿ ಆರಿಹೋಯಿತು.

ಅನಂತರಾಜು ಅವರಿಗೂ ಕಥೆ ಹಿಡಿಸಿತು. ಹಿಡಿಸಿದ್ದೇ ತಪ್ಪಾಯಿತು. ಒಂಬತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಕಥೆ ಹೇಳಿದವರು ತಾವೊಬ್ಬರೇ ಎಂದುಕೊಂಡಿದ್ದವರಿಗೆ ಇದನ್ನು ಸಹಿಸುವುದು ಕಷ್ಟವಾಯಿತು. ಅಪರ್ಣ ಆಗಲೇ "ಕೊಡಲೇಬೇಕು ಸರ್, ನೂರೇ ಕೊಡಬೇಕು" ಎನ್ನುತ್ತಿದ್ದಳು. ಗುರುಪ್ರಕಾಶ್ ಕೆಂಪು ಪೆನ್ನು ಹುಡುಕುತ್ತಿದ್ದರು.

"ಕೊನೆ ಏನಾಗುತ್ತೆ?" ಎಂದರು ಅನಂತರಾಜು.

ತಿಪ್ಪಯ್ಯ ಪಂಚೆಯ ಅಂಚು ಸರಿಮಾಡಿಕೊಂಡರು. "ಗೊತ್ತಿಲ್ಲ ಸಾರ್. ಕೊನೆ ನಾನ್ ನೋಡ್ನಿಲ್ಲ. ಒಂಬತ್ತು ಗಂಟೆಗೆ ಬಸ್ಸು ತೆಗೀಬೇಕಿತ್ತು. ಹತ್ತು ನಿಮಿಷ ಮುಂಚೆ ಎದ್ದು ಬಂದ್ಬುಟ್ಟೆ."

"ಮತ್ತೆ ನೂರು ಕೇಳ್ತಿದೀಯಲ್ಲ."

"ನೋಡಿದಷ್ಟಕ್ಕೆ ಕೇಳ್ದೆ ಸಾರ್."

"ಅಂಕ ಕೊಡೋದು ಟಿಕೆಟ್ ಹರಿದು ಕೊಟ್ಟಂಗಲ್ಲ ಕಣಯ್ಯ" ಎಂದರು ಅನಂತರಾಜು, ಎಲ್ಲರ ಕಡೆ ಒಮ್ಮೆ ನೋಡಿ. "ಅರ್ಧ ದಾರೀಲಿ ಇಳಿದು ಹೋದೋನು ಊರು ಹೆಂಗಿದೆ ಅಂತ ಹೇಳಿದ್ರೆ ನಂಬೋಕಾಗುತ್ತಾ? ಮೊದಲ್ನೇ ಪುಟ ಓದ್ಕೊಂಡ್ ಬಂದಿದ್ರೆ ನಮ್ ಟೈಮಾದ್ರೂ ಉಳೀತಿತ್ತು."

ಇಬ್ಬರು ಮೂವರು ನಕ್ಕರು. ಮಾತು ಚುರುಕಾಗಿತ್ತು, ನಗು ಬಂತು, ಅಷ್ಟೆ. ತಿಪ್ಪಯ್ಯ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅವರು ಒಂದು ಗಳಿಗೆ ಅನಂತರಾಜು ಅವರ ಮುಖವನ್ನೇ ನೋಡಿದರು. ಆಮೇಲೆ, "ನೀವ್ ಯೋಳೋದು ನ್ಯಾಯಾನೇ ಸಾರ್. ಬುಡಿ" ಎಂದರು. ಕಾಫಿ ಕುಡಿದು ಮುಗಿಸಿ, ಲೋಟ ತೊಳೆದಿಟ್ಟು, ಎಲ್ಲರಿಗೂ ಕೈ ಮುಗಿದು ಹೊರಟರು.

ಮನೆಗೆ ಬಂದು ಊಟಕ್ಕೆ ಕೂತಾಗ ಅನಂತರಾಜು ಇದನ್ನೆಲ್ಲ ಹೆಂಡತಿ ದಾಕ್ಷಾಯಣಿಗೆ ಹೇಳಿದರು. ಟಿಕೆಟಿನ ಮಾತನ್ನು ಎರಡು ಸಲ ಹೇಳಿದರು. ದಾಕ್ಷಾಯಣಿ ಬಡಿಸುವುದನ್ನು ನಿಲ್ಲಿಸಿದರು.

"ತಿಪ್ಪಯ್ಯ ಅಂದ್ರೆ ಯಾರು, ನಮ್ಮ ನೈಟ್ ಹಾಲ್ಟ್ ತಿಪ್ಪಯ್ಯಾನಾ?"

"ಯಾವ ತಿಪ್ಪಯ್ಯ?"

"ಅಯ್ಯೋ, ಒಂಬತ್ತರ ಬಸ್ಸಿನ ಕಂಡಕ್ಟ್ರು. ಕುಣಿಗಲ್ ಕಡೆಯವ್ರು. ಬಸ್ಸು ನಮ್ಮೂರಲ್ಲೇ ನಿಲ್ತಿತ್ತು, ಅವ್ರು ನಮ್ಮ ಜಗಲಿ ಮೇಲೆ ಮಲಗ್ತಿರ್ಲಿಲ್ವಾ? ದಪ್ಪ ಮೀಸೆ ಇತ್ತು. ನಾನೇ ಎಷ್ಟು ಸಲ ಮುದ್ದೆ ಸಾರು ಕೊಟ್ಟಿದೀನಿ." ಅವರು ಸಾರಿನ ಸೌಟು ಹಿಡಿದುಕೊಂಡೇ ಖುಷಿಯಿಂದ ಹೇಳುತ್ತಾ ಹೋದರು. "ನೀವು ಬಂದು ಪಿಕ್ಚರ್ ಕಥೆ ಹೇಳಿದ್ರೆ, ಕೊನೆ ಮಾತ್ರ ತಿಪ್ಪಯ್ಯ ಕಟ್ಟಿದ್ದು ಕಣೇ ಅಂತ ನಗ್ತಿದ್ರಿ. ಆ ಎಲೆ ಹಾಕೋದು ಅವ್ರು ಹೇಳಿದ್ದೇ ಅಲ್ವಾ? ಮನೆಗೆ ಕರ್ಕೊಂಡ್ ಬರೋದಲ್ವಾ ಅವ್ರನ್ನ."

ಅನಂತರಾಜು ಅವರ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು.

ಮೀಸೆಯಿಲ್ಲದ ಆ ಮುಖದ ಗುರುತು ಸಿಕ್ಕಿರಲಿಲ್ಲ, ಆದರೆ ನಿಜ ಹೇಳಬೇಕೆಂದರೆ, ಆ ಬಸ್ಸನ್ನು ಅವರು ಮರೆತಿರಲಿಲ್ಲ. ಮರೆಯುವುದು ಬೇರೆ, ನೆನಪನ್ನು ಹಿಂದಿನ ಕೋಣೆಗೆ ತಳ್ಳಿ ಬಾಗಿಲು ಹಾಕಿಕೊಳ್ಳುವುದು ಬೇರೆ. ಆಗ ಅವರ ಊರು ಗುಬ್ಬಿಯಿಂದ ಆಚೆಗೆ, ಹೆದ್ದಾರಿ ಬಿಟ್ಟು ಆರು ಮೈಲಿ ಒಳಗೆ. ಕೆಲಸ ತುಮಕೂರಿನಲ್ಲಿ. ಸಂಜೆ ಆಫೀಸು ಬಿಟ್ಟು ಆರೂವರೆಯ ಆಟಕ್ಕೆ ಹೋದರೆ, ಊರಿಗಿದ್ದ ಕೊನೆಯ ಬಸ್ಸು ಒಂಬತ್ತಕ್ಕೆ. ಆಟ ಮುಗಿಯುವುದು ಒಂಬತ್ತೂಕಾಲಿಗೆ. ಅದು ತಪ್ಪಿದರೆ ಬಸ್‌ಸ್ಟ್ಯಾಂಡಿನ ಬೆಂಚೇ ಗತಿ. ಹಾಗಾಗಿ ಆ ದಾರಿಯ ಸಿನಿಮಾ ಹುಚ್ಚರೆಲ್ಲ, ಒಂದು ಹತ್ತು ಜನ, ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಕತ್ತಲಲ್ಲಿ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಏಳುತ್ತಿದ್ದರು. ಅವರಲ್ಲಿ ಖಾಕಿ ಅಂಗಿಯ ಮೇಲೆ ಶಾಲು ಹೊದ್ದ ತಿಪ್ಪಯ್ಯನೂ ಒಬ್ಬರು. ಬಸ್ಸು ಸಂಜೆ ಬಂದು ನಿಂತರೆ ಮತ್ತೆ ಹೊರಡುವುದು ಒಂಬತ್ತಕ್ಕೇ. ನಡುವಿನ ಹೊತ್ತನ್ನು ಅವರೂ ಥಿಯೇಟರಿನಲ್ಲೇ ಕಳೆಯುತ್ತಿದ್ದರು.

ಬಸ್ಸು ಹೊರಟ ಮೇಲೆ ಆ ಬಸ್ಸಿಗೇ ಇದ್ದ ಪದ್ಧತಿ ಶುರುವಾಗುತ್ತಿತ್ತು. ಕೊನೆಯನ್ನು ಯಾರೂ ನೋಡಿಲ್ಲ. ಆದ್ದರಿಂದ ಎಲ್ಲರೂ ಸೇರಿ ಒಂದು ಕೊನೆ ಕಟ್ಟುತ್ತಿದ್ದರು. ಒಬ್ಬ ನಾಯಕಿಯನ್ನು ಕೊಲ್ಲುತ್ತಿದ್ದ, ಇನ್ನೊಬ್ಬ ಬದುಕಿಸುತ್ತಿದ್ದ. ಗುಬ್ಬಿ ಬರುವಷ್ಟರಲ್ಲಿ ಒಂದು ಒಪ್ಪಂದಕ್ಕೆ ಬರಬೇಕು, ಯಾಕೆಂದರೆ ಅಲ್ಲಿ ಅರ್ಧ ಜನ ಇಳಿದುಹೋಗುತ್ತಿದ್ದರು. ಹೆಚ್ಚಿನ ದಿನ ಗೆಲ್ಲುತ್ತಿದ್ದದ್ದು ಟಿಕೆಟ್ ಕೊಟ್ಟು ಮುಗಿಸಿ, ಹಿಂದಿನ ಬಾಗಿಲಿನ ಕಂಬಕ್ಕೆ ಒರಗಿ ನಿಂತ ತಿಪ್ಪಯ್ಯನ ಕೊನೆ. ಅಕ್ಕ ತಂಗಿಯ ಸಿನಿಮಾದ ದಿನವೂ ಹಾಗೆಯೇ. ಎಲೆ ಹಾಕಿದ್ದು ಸಿನಿಮಾದ ಅಕ್ಕನಲ್ಲ, ಕಂಡಕ್ಟರು.

ಇಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ಆ ಸಿನಿಮಾದ ನಿಜವಾದ ಕೊನೆ ಏನೆಂದು ಮರುದಿನ ಆಫೀಸಿನಲ್ಲಿ ಒಬ್ಬರು ಹೇಳಿದ್ದರು. ತಂಗಿ ದೇವಸ್ಥಾನದ ಮೆಟ್ಟಿಲ ಮೇಲೆ ಎರಡು ಪುಟ ಮಾತಾಡಿ ಸಾಯುತ್ತಾಳೆ. ಕೇಳಿ ಅನಂತರಾಜು ಅವರಿಗೆ ಬೇಜಾರಾಗಿತ್ತು. ನಮ್ಮ ಬಸ್ಸಿನದೇ ಚೆನ್ನಾಗಿತ್ತು ಎಂದುಕೊಂಡಿದ್ದರು. ಮೊದಮೊದಲು "ಬಸ್ಸಲ್ಲಿ ಕಟ್ಟಿದ್ದು" ಎಂದು ಸೇರಿಸಿಯೇ ಹೇಳುತ್ತಿದ್ದರು. ತುಮಕೂರಿಗೆ ಮನೆ ಬದಲಾಯಿಸಿದ ಮೇಲೆ, ಬಸ್ಸಿನ ಜನ ಚದುರಿದ ಮೇಲೆ, ಆ ಮಾತು ಎಲ್ಲೋ ಬಿದ್ದುಹೋಯಿತು. ಬಿದ್ದದ್ದು ಗೊತ್ತಿದ್ದೂ ಅವರು ಎತ್ತಿಕೊಳ್ಳಲಿಲ್ಲ. ಹೇಳುತ್ತ ಹೇಳುತ್ತ, ತಾವು ನೋಡಿಯೇ ಇದ್ದೇವೆ ಎನ್ನುವಷ್ಟಾಯಿತು.

ಆ ಕಾಲದ ಸಿನಿಮಾಗಳ ಕೊನೆ ನೋಡದವರು, ಕೊನೆಗೆ ಮೂವತ್ತು ಅಂಕ ಇಟ್ಟರು. ಶುಭಂ ನೋಡಿರಬೇಕೆಂದು ಕಾಯಿದೆ ಬರೆದರು. ಬರೆದದ್ದೂ ಸಾಲದೆ, ಅದೇ ಕತ್ತಲಲ್ಲಿ ತಮ್ಮ ಜೊತೆಗೇ ಎದ್ದು ಬಂದ ಮನುಷ್ಯನಿಗೆ, ಆ ಕೊನೆಯನ್ನು ಕಟ್ಟಿಕೊಟ್ಟ ಮನುಷ್ಯನಿಗೆ, ನಾಲ್ಕು ಜನರ ಮುಂದೆ ಅದೇ ಕಾಯಿದೆ ತೋರಿಸಿ ಬಾಯಿ ಮುಚ್ಚಿಸಿದರು. ತಿಪ್ಪಯ್ಯ ಒಂದೇ ಮಾತು ಆಡಿದ್ದರೆ ಸಾಕಿತ್ತು. 'ನೀವೂ ಅದೇ ಬಸ್ಸಲ್ವಾ ಸಾರ್' ಎಂದಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಅನಂತರಾಜು ಅವರಿಗೆ ಊಟ ಸೇರಲಿಲ್ಲ. ಮಧ್ಯಾಹ್ನವೆಲ್ಲ ಮುಖ ಗೋಡೆಗೆ ಮಾಡಿ ಮಲಗಿದ್ದರು. ಅರವತ್ತಾರು ವರ್ಷದಲ್ಲಿ ಇಂಥ ನಾಚಿಕೆ ಅವರಿಗೆ ಆಗಿರಲಿಲ್ಲ.

ಮುಂದಿನ ಭಾನುವಾರ ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋದರು. ತಿಪ್ಪಯ್ಯನ ಸ್ಟೂಲು ಖಾಲಿಯಿತ್ತು. "ಪಾಪ ಸರ್, ಅವರಿಗೆ ಬೇಜಾರಾಯ್ತೇನೋ" ಎಂದಳು ಅಪರ್ಣ. ಗುರುಪ್ರಕಾಶ್ ಏನೋ ಹೇಳಲು ಹೋಗಿ ಸುಮ್ಮನಾದರು. ಇನ್ನೊಬ್ಬರು, "ಕಾಯಿದೆ ಅಂದ್ರೆ ಕಾಯಿದೆ, ಅನಂತರಾಜು ಸರ್ ಇರೋದಕ್ಕೇ ಈ ಪುಸ್ತಕಕ್ಕೆ ಬೆಲೆ" ಎಂದರು. ಬೆಲೆ ಎಂಬ ಆ ಮಾತು ಕೇಳಿದ್ದೇ ಅನಂತರಾಜು ಹೇಳಬೇಕೆಂದು ಬಂದದ್ದನ್ನು ಕೈಬಿಟ್ಟರು.

ಆಮೇಲೆ ಅವರು ಮಾಡಿದ್ದನ್ನು ಹೇಳಲು ನನಗೇ ಮುಜುಗರ. "ನಾನೂ ಯೋಚನೆ ಮಾಡ್ದೆ" ಎಂದರು. "ಆ ನೀರಗಂಟಿ ಪಿಕ್ಚರ್ ನಾನೂ ನೋಡಿದೀನಿ. ನೆನಪಾಯ್ತು. ಪೂರ್ತಿ ನೋಡಿದೀನಿ."

ಕೊನೆಯೊಂದನ್ನು ಅಲ್ಲೇ ಹೊಸೆದರು. ಮಗಳು ಬಂದು ಅಪ್ಪನ ಕೈಯಿಂದ ತೂಬಿನ ಸರಳು ತೆಗೆದುಕೊಂಡು ತಾನೇ ನೀರು ಬಿಡುತ್ತಾಳೆ ಎಂದರು. ದನಿ ಇಳಿಸಿದರು, ಕನ್ನಡಕ ತೆಗೆದರು. ಕೈ ಅಭ್ಯಾಸದಂತೆ ತಾನೇ ಮೇಲೆ ಹೋಗಿತ್ತು. ಎಲ್ಲರೂ ಒಪ್ಪಿದರು. ನೂರು ಬಿತ್ತು, ಕೆಂಪು ಶಾಯಿಯಲ್ಲಿ. ಹಟ ಬಿಟ್ಟು ನ್ಯಾಯ ಕೊಟ್ಟರೆಂದು ಅನಂತರಾಜು ಅವರನ್ನೇ ಹೊಗಳಿದರು. ತಿಪ್ಪಯ್ಯನಿಗೆ ಮಾಡಿದ್ದು ಹೀಗೆ ತೀರಿತು ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಷಟರಿನ ಕೆಳಗೆ ಬಗ್ಗಿ ಹೊರಗೆ ಬರುವಾಗಲೇ ಅದು ತೀರಿಲ್ಲವೆಂದು ಗೊತ್ತಾಗಿತ್ತು.

ಗುರುಪ್ರಕಾಶ್ ಬಳಿ ವಿಳಾಸ ಕೇಳಿಕೊಂಡು ಬುಧವಾರ ಕುಣಿಗಲ್ ಬಸ್ಸು ಹತ್ತಿದರು. ಅಲ್ಲಿಂದ ಮಾರ್ಕೋನಹಳ್ಳಿ ಕಡೆಯ ಇನ್ನೊಂದು ಬಸ್ಸು. ತಿಪ್ಪಯ್ಯ ಮನೆ ಮುಂದೆ ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದರು. ಇವರನ್ನು ಕಂಡು ಎದ್ದು, ಹೆಗಲ ಟವಲಿನಿಂದ ಕುರ್ಚಿ ಒರೆಸಿದರು. ಸೊಸೆ ಕೋಮಲಾ ನೀರು, ಬೆಲ್ಲ ತಂದಿಟ್ಟಳು.

"ಅಷ್ಟು ದೂರದಿಂದ ಬಂದವ್ರೆ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದರು ತಿಪ್ಪಯ್ಯ. "ಅಕ್ಕಾವ್ರು ಚೆನ್ನಾಗವ್ರಾ? ಅವ್ರ ಕೈ ಹುರುಳಿ ಸಾರು ಇನ್ನೂ ಗ್ಯಾಪ್ಕ ಐತೆ ಸಾರ್."

ಅನಂತರಾಜು ನೀರಿನ ಲೋಟ ಹಿಡಿದುಕೊಂಡೇ ಕೂತರು. ಮೊದಲು ಬಾಯಿಗೆ ಬಂದದ್ದು ಸುಲಭದ ಸುದ್ದಿ. "ನಿಮ್ಮ ನೀರಗಂಟಿಗೆ ನೂರು ಬಂತು ತಿಪ್ಪಯ್ಯನವ್ರೇ. ಹೋದ ಭಾನುವಾರ. ಎಲ್ಲಾ ಒಪ್ಪಿದ್ರು."

ತಿಪ್ಪಯ್ಯನ ಮುಖ ಅರಳಿತು. "ಔದಾ? ಹೆಂಗೆ ಸಾರ್? ಕೊನೆ ಯಾರ್ ಯೋಳಿದ್ರು?"

"ನಾನೇ."

"ನೀವ್ ನೋಡಿದ್ರಾ ಕೊನೇನ?"

ಆಸೆಯಿಂದಲೇ ಕೇಳಿದ ಪ್ರಶ್ನೆ ಅದು. ಮೂವತ್ತೈದು ವರ್ಷದಿಂದ ಆ ಕೊನೆ ಏನೆಂದು ತಿಳಿಯದೆ ಉಳಿದಿದ್ದ ಮನುಷ್ಯ, ಈಗಲಾದರೂ ತಿಳಿಯುತ್ತದೆಂದು ಮುಂದಕ್ಕೆ ಬಾಗಿ ಕೂತಿದ್ದರು. ಅನಂತರಾಜು ಇನ್ನೊಂದು ಸುಳ್ಳು ಹೇಳಬಹುದಿತ್ತು. ಆ ಮುಖದ ಮುಂದೆ ಆಗಲಿಲ್ಲ.

"ಇಲ್ಲ. ಆ ಸಿನಿಮಾನೇ ನಾನು ನೋಡಿಲ್ಲ. ಕೊನೆ ಅಲ್ಲೇ ಕಟ್ಟಿ ಹೇಳ್ದೆ."

ತಿಪ್ಪಯ್ಯ ಹಿಂದಕ್ಕೆ ಸರಿದು ಕೂತರು. ಕೈಯಲ್ಲಿದ್ದ ಗರಿಯನ್ನು ಸೀಳಿದರು, ಕಡ್ಡಿ ತೆಗೆದು ಪಕ್ಕಕ್ಕಿಟ್ಟರು.

"ಹಂಗಾರೆ ಹೊಡೆದಾಕ್ಸಿ ಸಾರ್" ಎಂದರು. ದನಿಯಲ್ಲಿ ಕೋಪವಿರಲಿಲ್ಲ. "ನೋಡ್ದೆ ಕೊಟ್ಟ ನಂಬರು ನಂಗ್ ಬ್ಯಾಡ. ನೀವ್ ಅವತ್ತು ಯೋಳಿದ್ದು ಸರಿಯಾಗಿತ್ತು, ಅದ್ಕೇ ಸುಮ್ಕಾದೆ."

"ಅಕ್ಕ ತಂಗಿ ಸಿನಿಮಾ. ಆ ಎಲೆ. ಅದು ನಿಮ್ದು."

"ನಂದೇ. ಬಸ್ಸಲ್ಲಿ ತಮಾಷೆಗೆ ಯೋಳಿದ್ದು."

"ಅದನ್ನ ಅಷ್ಟು ಜನರ ಮುಂದೆ ನಾನು ನೋಡಿದೀನಿ ಅಂತ ಹೇಳ್ತಿದ್ದಾಗ ನೀವು ಅಲ್ಲೇ ಇದ್ರಿ. ಆಮೇಲೆ ನಾನು ನಿಮಗೇ ಹಂಗ್ ಮಾತಾಡ್ದೆ. ಆಗ್ಲಾದ್ರೂ ಯಾಕೆ ಹೇಳ್ಲಿಲ್ಲ?"

ತಿಪ್ಪಯ್ಯ ಇನ್ನೊಂದು ಗರಿ ಎತ್ತಿಕೊಂಡರು. "ಯೋಳ್ಬೋದಿತ್ತು. ಯೋಳಿದ್ರೆ ನೀವ್ ಅಷ್ಟು ಜನದಲ್ಲಿ ಮಕ ಎಲ್ಲಿಡ್ತಿದ್ರಿ?"

ಅನಂತರಾಜು ಲೋಟ ಕೆಳಗಿಟ್ಟರು. ತಾವು ಟಿಕೆಟಿನ ಮಾತು ಆಡುವಾಗ ಈ ಮನುಷ್ಯ ಮುಖ ಎಲ್ಲಿಡಬೇಕೆಂದು ತಮಗೆ ಹೊಳೆದಿರಲೇ ಇಲ್ಲ. ತಪ್ಪಾಯಿತು ಎಂದರು. ತಿಪ್ಪಯ್ಯ, "ಆಯ್ತು, ಬುಡಿ ಸಾರ್" ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ, ಮುಂದಿನ ವಾರ ಬರುತ್ತೇನೆ ಎಂದೂ ಹೇಳಲಿಲ್ಲ. ಊಟ ಹಾಕಿಸಿ, ಬಸ್ಸು ಬರುವವರೆಗೂ ಜೊತೆಗೆ ನಿಂತು ಕಳಿಸಿಕೊಟ್ಟರು.

ಭಾನುವಾರ ಬಂತು. ಹೊರಪೇಟೆಯ ಅಂಗಡಿಯಲ್ಲಿ ಅನಂತರಾಜು ತಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದರು, ಮೇಷ್ಟರ ಮುಂದೆ ಪಾಠ ಒಪ್ಪಿಸುವ ಹುಡುಗನಂತೆ, ಒಂದೊಂದೇ ಮಾತಾಗಿ. ನೀರಗಂಟಿ ಸಿನಿಮಾ ನೋಡಿಲ್ಲ ಎಂದರು. ಅಕ್ಕ ತಂಗಿ ಸಿನಿಮಾದ ಕೊನೆ ನೋಡಿಲ್ಲ ಎಂದರು. ಒಂಬತ್ತರ ಬಸ್ಸಿನ ವಿಷಯ ಹೇಳಿದರು. ಆ ಬಸ್ಸಿನ ಕಾಲದಲ್ಲಿ ಸಂಜೆ ಆಟಕ್ಕೆ ಹೋದ ಒಂದು ಸಿನಿಮಾದ ಕೊನೆಯನ್ನೂ ತಾವು ಕಂಡಿಲ್ಲ ಎಂದೂ ಹೇಳಿದರು.

ಅಪರ್ಣ ಮೆಲ್ಲಗೆ ಕೇಳಿದಳು. "ಹಾಗಾದ್ರೆ ಸರ್, ಆ ಎಲೆ ಹಾಕೋದು?"

"ಅದು ಸಿನಿಮಾದಲ್ಲಿಲ್ಲ ಕಣಮ್ಮ. ತಿಪ್ಪಯ್ಯನವ್ರು ಕಟ್ಟಿದ್ದು."

"ಹೋಗ್ಲಿ ಬಿಡಿ ಸರ್" ಎಂದರು ಒಬ್ಬರು. "ಯಾವ ಕಾಲದ್ದೋ. ಈಗ ಹೊಡೆದು ಹಾಕಿ ಏನಾಗ್ಬೇಕು?" ಇನ್ನಿಬ್ಬರು ಹೌದೆಂದರು. ಅವರು ಬೈದಿದ್ದರೆ ಅನಂತರಾಜು ತಡೆದುಕೊಳ್ಳುತ್ತಿದ್ದರು. ಈ ಸಮಾಧಾನವನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಪುಸ್ತಕ ಕೊಡಿ ಎಂದು ಕೈ ಚಾಚಿದರು. ನೀರಗಂಟಿಯ ನೂರರ ಮೇಲೆ ಗೆರೆ ಎಳೆದರು. ಪುಟ ತಿರುವಿ, ಅಕ್ಕ ತಂಗಿಯ ನೂರರ ಮೇಲೂ ಎಳೆದರು.

ಗುರುಪ್ರಕಾಶ್ ಎದ್ದು ಬಂದು ಪುಸ್ತಕ ತೆಗೆದುಕೊಂಡರು.

"ಒಂದ್ ವಿಷಯ ಹೇಳ್ಬಿಡ್ತೀನಿ ಸರ್. ಹೇಳ್ಬೇಡಿ ಅಂದಿದ್ರು. ತಿಪ್ಪಯ್ಯನವ್ರು ಇಲ್ಲಿಗೆ ಬಂದಿದ್ದು ಸಿನಿಮಾ ಮಾತಿಗಲ್ಲ. ಫೋಟೋಕ್ಕೆ ಕಟ್ಟು ಹಾಕಿಸೋಕೆ ಬಂದಾಗ, ಗೋಡೆ ಮೇಲೆ ನಮ್ಮೆಲ್ಲರ ಗ್ರೂಪ್ ಫೋಟೋ ನೋಡಿದ್ರು. ನಿಮ್ಮನ್ನ ಗುರುತು ಹಿಡಿದ್ರು. ಇವರು ನಮ್ಮ ಬಸ್ಸಿನವ್ರು, ನನ್ನ ಹಳೇ ಸ್ನೇಹಿತ್ರು, ಹೆಂಡ್ತಿ ಹೋದ್ಮೇಲೆ ಮಾತಿಗೆ ಯಾರೂ ಇಲ್ಲ ನಂಗೆ, ನಾನೂ ಬರ್ಲಾ ಅಂತ ಕೇಳಿದ್ರು. ನಾನ್ಯಾರು ಅಂತ ನೀವ್ ಹೇಳ್ಬೇಡಿ, ಅವ್ರೇ ಗುರುತು ಹಿಡೀಲಿ, ನೋಡೋಣ ಅಂತ ನಕ್ಕಿದ್ರು. ನಾಲ್ಕು ವಾರ ಅದಕ್ಕೇ ಕಾಯ್ತಿದ್ರು ಸರ್."

ಅಪರ್ಣ ನೀರಿನ ಬಾಟಲಿ ಮುಂದೆ ಹಿಡಿದಳು. ಅನಂತರಾಜು ತೆಗೆದುಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಲ್ಲೇ ನಿಂತಿದ್ದರು. ಉಳಿದವರು ಬೇರೆ ಕಡೆ ನೋಡಿದರು. ಅವತ್ತು ಆ ಅಂಗಡಿಯಲ್ಲಿ ಯಾವ ಸಿನಿಮಾಕ್ಕೂ ಯಾರೂ ಅಂಕ ಕೊಡಲಿಲ್ಲ.